ಶಾಖದ ಕೋಣೆಯ ಬಿಳಿ ಗೂಡು

ರೇಷ್ಮೆ ಬಿತ್ತನೆ ಕೇಂದ್ರದಲ್ಲಿ ಅವಳನ್ನು ಚುಕ್ಕಿಯಮ್ಮ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರೊಂದಿತ್ತು. ಸಹಿ ಹಾಕುವ ಗಳಿಗೆ ಬಿಟ್ಟರೆ ಅದನ್ನು ಅವಳೂ ನೆನೆಯುತ್ತಿರಲಿಲ್ಲ. ರೇಷ್ಮೆಹುಳು ಗೂಡು ಕಟ್ಟಿ ಒಳಗೆ ಕಂದು ಕೋಶವಾಗಿ ಮಲಗಿರುತ್ತದಲ್ಲ, ಆ ಕೋಶದ ಬಾಲದ ಬಳಿ ಒಂದು ಗುರುತಿರುತ್ತದೆ. ಸೂಜಿಮೊನೆಯಷ್ಟು ಚುಕ್ಕಿಯಿದ್ದರೆ ಗಂಡು. ಉಗುರಿನಿಂದ ಗೀರಿದಂಥ ಸಣ್ಣ ಗೆರೆಯಿದ್ದರೆ ಹೆಣ್ಣು. ಬೇರೆಯವರು ಭೂತಗನ್ನಡಿ ಹಿಡಿದು, ಕಣ್ಣು ಕಿರಿದುಮಾಡಿ, ಮೂರು ಸಲ ತಿರುಗಿಸಿ ನೋಡಿ ಹೇಳುವುದನ್ನು ಅವಳು ಹೆಬ್ಬೆರಳಲ್ಲಿ ಒಮ್ಮೆ ಉರುಳಿಸಿ ಹೇಳುತ್ತಿದ್ದಳು. ಬ್ಲೇಡಿನಿಂದ ಗೂಡಿನ ತುದಿ ಕತ್ತರಿಸುವುದು, ಕೋಶವನ್ನು ಅಂಗೈಗೆ ಜಾರಿಸುವುದು, ನೋಡುವುದು, ಹಾಕುವುದು. ಹೆಣ್ಣು ಬಲಗಡೆಯ ಬುಟ್ಟಿಗೆ, ಗಂಡು ಎಡಗಡೆಯ ಬುಟ್ಟಿಗೆ. ಗಂಟೆಗೆ ಎಂಟುನೂರು. ಇಪ್ಪತ್ತೆಂಟು ವರ್ಷ.

ಉದ್ದನೆಯ ಕೋಣೆ, ಉತ್ತರಕ್ಕೆ ಆರು ಕಿಟಕಿ. ಬಿಸಿಲು ನೇರ ಬೀಳಬಾರದೆಂದು ಕಿಟಕಿಗಳಿಗೆ ಹಸಿರು ಬಟ್ಟೆ. ಮೂರನೆಯ ಕಿಟಕಿಯ ಕೆಳಗಿನ ಮೇಜು ಅವಳದು; ಅವಳ ಮೊಣಕೈ ಊರಿದ ಜಾಗದಲ್ಲಿ ಮರ ಸವೆದು ತೊಟ್ಟಿಲಿನಂತೆ ಗುಳಿಬಿದ್ದಿತ್ತು. ಗೋಡೆಯಾಚೆ ಜೋಡಿಕೋಣೆ. ಕೋಶ ಸೀಳಿ ಹೊರಬಂದ ಚಿಟ್ಟೆಗಳನ್ನು ಅಲ್ಲಿ ಜೋಡಿ ಮಾಡಿ, ಹೆಣ್ಣನ್ನು ಕಾಗದದ ಚೀಟಿಯ ಮೇಲೆ ಮೊಟ್ಟೆಗೆ ಬಿಡುತ್ತಿದ್ದರು. ಅದರಾಚೆ ಶಾಖದ ಕೋಣೆ. ಅವಳ ಗಂಡ ಬದುಕಿದ್ದಷ್ಟು ದಿನ ಅದರ ಒಲೆ ನೋಡಿಕೊಳ್ಳುತ್ತಿದ್ದ. ಅವನ ತಂಗಿ, ಅಂದರೆ ಇವಳ ನಾದಿನಿ, ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವವಳು. ಗಂಡ ಹೋದಮೇಲೆ ಅತ್ತಿಗೆ ನಾದಿನಿ ಇಬ್ಬರೇ ಸೊಪ್ಪಿನ ಉಗ್ರಾಣದ ಹಿಂದಿನ ಕ್ವಾರ್ಟರ್ಸಿನಲ್ಲಿದ್ದರು. ಒಂದು ಕೋಣೆ, ಒಂದು ಅಡುಗೆಮನೆ, ಮುಚ್ಚಲು ಬಾರದ ಒಂದು ಬಾಗಿಲು.

ನಾದಿನಿಯ ನಾಲಿಗೆ ಕತ್ತಿಯಂಥದು, ಆದರೆ ಯಾರನ್ನೂ ಕೊಯ್ದದ್ದಿಲ್ಲ. ಅಣ್ಣ ಎದೆಯ ಕಾಯಿಲೆಯಲ್ಲಿ ಮಲಗಿದ್ದಾಗಲೂ ಅವನ ಹಾಸಿಗೆಯ ಪಕ್ಕ ಕೂತು ತಮಾಷೆ ಮಾಡಿದವಳು ಅವಳು.

"ನಮ್ಮಪ್ಪನ ಮೂಗು ಯಾರಿಗೆ ಬಂತೋ ಅವರಿಗೆಲ್ಲ ಅಪ್ಪನ ಎದೆನೂ ಬಂತು ಅತ್ತಿಗೆ. ದೊಡ್ಡಣ್ಣಂಗೆ ಬಂತು, ಇವನಿಗೆ ಬಂತು, ಅಕ್ಕಂಗೆ ಬಂತು. ನಂದು ನೋಡು, ಅಮ್ಮನ ಚಪ್ಪಟೆ ಮೂಗು. ನೋಡೋಕೆ ಚೆನ್ನಾಗಿಲ್ಲ, ಆದ್ರೆ ಗಟ್ಟಿ ಜೀವ. ಮೂಗು ಅವರದು, ಎದೆ ಇವರದು ಅಂತ ಆರಿಸಿ ತಗೊಳ್ಳೋಕೆ ಇದೇನು ತರಕಾರಿ ಅಂಗಡಿನಾ?"

ಮಲಗಿದ್ದವನು ಕೆಮ್ಮುತ್ತಲೇ ನಕ್ಕಿದ್ದ. ಚುಕ್ಕಿಯಮ್ಮನೂ ನಕ್ಕಿದ್ದಳು. ಆ ಮಾತನ್ನು ಆಮೇಲೆ ಯಾರೂ ಮತ್ತೆ ಯೋಚಿಸಲಿಲ್ಲ.

ಕೇಂದ್ರದ ಕಷ್ಟ ಒಂದೇ, ಹಳೆಯದು. ಅವರಲ್ಲಿ ಎರಡು ತಳಿಯ ಹುಳುಗಳಿದ್ದವು. ಒಂದು ಬಿಳಿ ಗೂಡಿನದು: ದಪ್ಪ ಗೂಡು, ಉದ್ದ ನೂಲು, ಕೊಳ್ಳುವವರು ಕಣ್ಣಿಗೊತ್ತಿಕೊಳ್ಳುವಂಥದು. ಆದರೆ ಬೇಸಿಗೆಯ ಸೆಕೆಗೆ ಉಳಿಯುತ್ತಿರಲಿಲ್ಲ. ಇನ್ನೊಂದು ಹಳದಿ ಗೂಡಿನದು: ತೆಳು ಗೂಡು, ನೂಲು ತುಂಡುತುಂಡು. ಆದರೆ ಎಂಥ ಸೆಕೆಗೂ ಜಗ್ಗುತ್ತಿರಲಿಲ್ಲ. ಸುತ್ತಲ ಮನೆಗಳಲ್ಲಿ ಹುಳು ಸಾಕುವವರಿಗೆ ಬೇಕಾದದ್ದು ಬಿಳಿಯದು. ಪ್ರತಿ ಬೇಸಿಗೆಯಲ್ಲೂ ನಾಲ್ಕನೆಯ ಜ್ವರದ ಹೊತ್ತಿಗೆ ಅದು ತಟ್ಟೆತಟ್ಟೆಯಾಗಿ ಸಾಯುತ್ತಿತ್ತು. ಹುಳು ಪೊರೆ ಬಿಡಲು ಎಲೆ ಬಿಟ್ಟು ತಲೆಯೆತ್ತಿ ಕೂರುವುದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ. ಚುಕ್ಕಿಯಮ್ಮ ಚಿಕ್ಕವಳಿದ್ದಾಗ ತನ್ನ ತಾಯಿಯ ಮನೆಯಲ್ಲಿ ಸತ್ತ ಹುಳುಗಳ ಬುಟ್ಟಿ ಹೊತ್ತು ಗುಂಡಿಗೆ ಸುರಿದವಳು. ಆ ವಾಸನೆ, ಆ ತಣ್ಣನೆಯ ಭಾರ ಅವಳ ತಲೆಯ ಮೇಲೆ ಇನ್ನೂ ಇತ್ತು. ತಾಯಿ ಖಾಲಿ ತಟ್ಟೆಗಳನ್ನು ತೊಳೆದು ಬಿಸಿಲಿಗಿಡುತ್ತಿದ್ದಳು.

ಬಿಳಿ ಗೂಡು ಕಟ್ಟುವ, ಸೆಕೆಗೆ ಸಾಯದ ಹುಳು. ಅದೊಂದನ್ನು ತಂದುಕೊಟ್ಟರೆ ಕೇಂದ್ರ ಉಳಿಯುತ್ತದೆ, ಇಲ್ಲದಿದ್ದರೆ ಇಂದಲ್ಲ ನಾಳೆ ಮುಚ್ಚುತ್ತದೆ ಎಂದು ದೊಡ್ಡ ಸಾಹೇಬರು ಮೊದಲ ದಿನವೇ ಹೇಳಿದ್ದರು. ಅವರು ಆಗಷ್ಟೇ ವರ್ಗವಾಗಿ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮಾತಿನಲ್ಲಿ ಅಡ್ಡ ಗೆರೆ ಉದ್ದ ಗೆರೆ ಎಳೆದಂಥ ಸ್ಪಷ್ಟತೆ. ಕೆಲಸದವರನ್ನೆಲ್ಲ ಕೂರಿಸಿ ಹಲಗೆಯ ಮೇಲೆ ಬರೆದು ತೋರಿಸಿದರು.

"ಹಳದಿನೂ ಬಿಳಿನೂ ಜೋಡಿ ಮಾಡಿದ್ರೆ ಹುಟ್ಟೋ ಮಕ್ಕಳೆಲ್ಲ ಹಳದಿ ಗೂಡೇ ಕಟ್ತವೆ, ಎಲ್ಲಾನೂ ಸೆಕೆ ತಡೀತವೆ. ಬಿಳಿ ಒಳಗೆ ಅಡಗಿ ಕೂತಿರುತ್ತೆ. ಆ ಮಿಶ್ರದ ಮಕ್ಕಳನ್ನ ಮತ್ತೆ ಬಿಳಿ ತಳಿಗೆ ಜೋಡಿ ಮಾಡಿದ್ರೆ ನಾಲ್ಕು ಬಗೆ ಹುಟ್ತವೆ, ನಾಲ್ಕೂ ಸಮಸಮ. ಹಳದಿ ಗಟ್ಟಿ, ಹಳದಿ ಸೂಕ್ಷ್ಮ, ಬಿಳಿ ಗಟ್ಟಿ, ಬಿಳಿ ಸೂಕ್ಷ್ಮ. ಬಣ್ಣ ತನ್ನ ನಾಣ್ಯ ತಾನು ಚಿಮ್ಮುತ್ತೆ, ಗಟ್ಟಿತನ ತನ್ನ ನಾಣ್ಯ ತಾನು ಚಿಮ್ಮುತ್ತೆ. ಶಾಖದ ಕೋಣೆಗೆ ಹಾಕಿದ್ರೆ ಸೂಕ್ಷ್ಮದವು ಸಾಯ್ತವೆ. ಉಳಿದವುಗಳಲ್ಲಿ ಅರ್ಧ ಹಳದಿ, ಅರ್ಧ ಬಿಳಿ. ಆ ಬಿಳಿನೇ ನಮಗೆ ಬೇಕಾದದ್ದು."

ಕೇಳಿದವರಿಗೆಲ್ಲ ಅದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು ಎನ್ನಿಸಿತು.

ಆ ಮೊದಲ ವರ್ಷ ಮಿಶ್ರದ ಗಂಡುಗಳನ್ನು ಬಿಳಿ ಹೆಣ್ಣುಗಳಿಗೆ ಜೋಡಿ ಮಾಡಿದರು. ಮರಿಗಳು ಶಾಖದ ಕೋಣೆಗೆ ಹೋದವು. ಅವಳ ಗಂಡ ಒಲೆಯ ಮುಂದೆ ಬೆವರುತ್ತಾ ಇಪ್ಪತ್ತಮೂರು ದಿನ ಕಾದ. ಅರ್ಧಕ್ಕಿಂತ ಹೆಚ್ಚು ಹುಳು ಸತ್ತವು. ಉಳಿದವು ತಿನ್ನುವುದು ಬಿಟ್ಟು ಹಣ್ಣಾಗಿ, ಬಿದಿರಿನ ಚಂದ್ರಿಕೆಗಳ ಸುರುಳಿಯ ಮೇಲೆ ಗೂಡು ಕಟ್ಟಿದವು. ಐದನೆಯ ದಿನ ಚುಕ್ಕಿಯಮ್ಮ ಬಿಡಿಸಿ ಎಣಿಸಿದಳು. ಒಟ್ಟು ಇನ್ನೂರ ಹನ್ನೊಂದು. ಹಳದಿ ನೂರ ತೊಂಬತ್ತೆರಡು. ಬಿಳಿ ಹತ್ತೊಂಬತ್ತು.

ಆ ಹತ್ತೊಂಬತ್ತನ್ನು ಅವಳು ಸೆರಗಿನಲ್ಲಿ ಹಾಕಿಕೊಂಡು ಸಾಹೇಬರ ಕೋಣೆಗೆ ಓಡಿದ್ದಳು. ಅವಳ ಜೀವನದಲ್ಲಿ ಅವಳು ಓಡಿದ್ದನ್ನು ನೋಡಿದವರು ಆ ದಿನದವರು ಮಾತ್ರ.

ಸಾಹೇಬರು ಲೆಕ್ಕ ನೋಡಿದರು. ಅವರ ಮುಖ ಅರಳಲಿಲ್ಲ.

"ಹತ್ತೊಂಬತ್ತಾ? ನೂರೈದೋ ನೂರಾರೋ ಬರಬೇಕಿತ್ತಲ್ಲಮ್ಮ."

"ಬಿಳಿ ಬಂದಿದೆಯಲ್ಲ ಸಾರ್."

"ಬಂದ್ರೆ ಅರ್ಧ ಬರಬೇಕು, ಇಲ್ಲಾಂದ್ರೆ ಬರಲೇಬಾರದು. ಹತ್ತೊಂಬತ್ತು ಅನ್ನೋದು ಯಾವ ಲೆಕ್ಕ? ಇದು ಹುಳುವಿನ ಲೆಕ್ಕ ಅಲ್ಲ, ಕೈ ತಪ್ಪಿನ ಲೆಕ್ಕ. ತಣ್ಣನೆ ಕೋಣೆಯ ಬಿಳಿ ತಟ್ಟೆನೂ ಅವತ್ತೇ ಚಂದ್ರಿಕೆಗೆ ಹಾಕಿದ್ದಲ್ವಾ ನೀನು?"

ಹಾಕಿದ್ದಳು. ಒಂದೇ ಬೆಳಗ್ಗೆ, ಒಂದೇ ಗಾಡಿಯಲ್ಲಿ. ಎರಡು ತಟ್ಟೆಯ ಚೀಟಿಗಳಲ್ಲೂ ತಾಯಿಯ ಹೆಸರು ಬಿಳಿ ಎಂದೇ ಇತ್ತು. ತಂದೆಯ ಹೆಸರಷ್ಟೇ ಬೇರೆ. ಕಲೆಸಿಲ್ಲ ಎಂದು ಆಣೆಯಿಟ್ಟು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಕಲೆಸಿದ್ದು ನೆನಪಿರಲಿಲ್ಲ; ಆದರೆ ಕಲೆಸಿದವರಿಗೆ ಅದು ನೆನಪಿರುವುದೂ ಇಲ್ಲವಲ್ಲ.

"ಹಬೆಗೆ ಹಾಕಿಬಿಡು," ಎಂದರು ಸಾಹೇಬರು. ಬಯ್ಯಲಿಲ್ಲ. ಬೈದಿದ್ದರೆ ಅವಳಿಗೆ ಸಿಟ್ಟಾದರೂ ಬರುತ್ತಿತ್ತೇನೋ. ನಾಚಿಕೆ ಬಂತು.

ಹತ್ತೊಂಬತ್ತೂ, ಒಳಗಿನ ಕೋಶವನ್ನು ಸಾಯಿಸುವ ಹಬೆಯ ಪೆಟ್ಟಿಗೆಗೆ ಹೋದವು. ಅವಳೇ ಹಾಕಿದಳು, ಅವಳೇ ಮುಚ್ಚಳ ತಿರುಗಿಸಿದಳು.

ಆ ನಾಚಿಕೆ ಅವಳನ್ನು ಮಲಗಲು ಬಿಡಲಿಲ್ಲ. ಮುಂದಿನ ಸಲ ಕಲೆಸದಂತೆ ಏನು ಮಾಡಬಹುದೆಂದು ಯೋಚಿಸಿ ಯೋಚಿಸಿ, ಕೊನೆಗೊಂದು ದಾರಿ ಕಂಡಿತು. ಚೀಟಿ ನಡೆಯುವುದು ತಾಯಿಯ ಹೆಸರಿನಲ್ಲಿ. ಮೊಟ್ಟೆಯಿಟ್ಟ ಮೇಲೆ ರೋಗವಿದೆಯೇ ಎಂದು ಅರೆದು ನೋಡುವುದೂ ತಾಯಿ ಚಿಟ್ಟೆಯನ್ನೇ. ಹಾಗಾದರೆ ಮಿಶ್ರದ ಹೆಣ್ಣನ್ನೇ ತಾಯಿ ಮಾಡಿದರೆ? ಬಿಳಿ ತಳಿಯಿಂದ ಗಂಡು ತಂದರಾಯಿತು. ಚೀಟಿಯ ತಲೆಯ ಮೇಲೆಯೇ ಮಿಶ್ರ ಎಂದು ಬರುತ್ತದೆ, ಕುರುಡರೂ ಕಲೆಸಲಾರರು. ಅವಳು ಹೆದರುತ್ತಲೇ ಸಾಹೇಬರಿಗೆ ಹೇಳಿದಳು.

"ತಾಯಿ ಕಡೆಯಿಂದಾದ್ರೇನು, ತಂದೆ ಕಡೆಯಿಂದಾದ್ರೇನು, ಲೆಕ್ಕ ಒಂದೇ," ಎಂದರು ಸಾಹೇಬರು. ಆಮೇಲೆ ತಲೆಯೆತ್ತಿ ಅವಳನ್ನು ಮೊದಲ ಸಲವೆಂಬಂತೆ ನೋಡಿದರು. "ಒಳ್ಳೆ ತಲೆ ಕಣಮ್ಮ ನಿಂದು. ಇನ್ಮೇಲೆ ಹಂಗೇ ಮಾಡೋಣ. ಮಿಶ್ರದ ಗಂಡು ನಮಗೆ ಬೇಡ."

ಅಂದಿನಿಂದ ಎಡಗಡೆಯ ಬುಟ್ಟಿ, ಚುಕ್ಕಿಯ ಬುಟ್ಟಿ, ಕೋಳಿ ಸಾಕುವವನ ಪಾಲಾಯಿತು.

ಮುಂದಿನ ಬೇಸಿಗೆಯಲ್ಲಿ ಶಾಖದ ಕೋಣೆಯಿಂದ ಉಳಿದುಬಂದ ಗೂಡುಗಳೆಲ್ಲ ಹಳದಿ. ಒಂದೂ ಬಿಳಿಯಿಲ್ಲ. ಅದರ ಮುಂದಿನ ಬೇಸಿಗೆಯೂ ಹಾಗೇ. ತಣ್ಣನೆಯ ಕೋಣೆಯಲ್ಲಿ ಅದೇ ತಾಯಿಯ ಮರಿಗಳನ್ನು ಸಾಕಿದರೆ ಅರ್ಧ ಹಳದಿ, ಅರ್ಧ ಬಿಳಿ, ತಕ್ಕಡಿಯಲ್ಲಿ ತೂಗಿದ ಹಾಗೆ. ಶಾಖಕ್ಕೆ ಹಾಕಿದರೆ ಬಿಳಿಯಷ್ಟೂ ಸಾಯುತ್ತಿತ್ತು, ಹಳದಿಯಷ್ಟೂ ಉಳಿಯುತ್ತಿತ್ತು. ನಾಲ್ಕು ಬಗೆ ಬರಬೇಕಾದಲ್ಲಿ ಎರಡೇ ಬಗೆ. ಸಾಹೇಬರು ಬಿಳಿ ತಳಿ ಬದಲಿಸಿ ನೋಡಿದರು, ಶಾಖ ಒಂದು ಡಿಗ್ರಿ ಇಳಿಸಿ ನೋಡಿದರು, ಸೊಪ್ಪು ಬದಲಿಸಿದರು, ನೀರು ಬದಲಿಸಿದರು. ಜೋಡಿ ಮಾಡುವ ಕ್ರಮವನ್ನು ಮಾತ್ರ ಬದಲಿಸಲಿಲ್ಲ, ಏಕೆಂದರೆ ಅದರಲ್ಲಿ ತಪ್ಪೇ ಇರಲಿಲ್ಲ. ಅವಳ ಪುಸ್ತಕ ಕನ್ನಡಿಯಂತಿತ್ತು. ತಪಾಸಣೆಗೆ ಬಂದವರು ಪುಟ ತಿರುಗಿಸಿ, "ಎಲ್ಲೂ ಒಂದು ಕಲಬೆರಕೆ ಇಲ್ಲ, ಯಾರ ಕೈ ಇದು?" ಎಂದು ಕೇಳುತ್ತಿದ್ದರು. ಸಾಹೇಬರು ಹೆಮ್ಮೆಯಿಂದ ಮೂರನೆಯ ಕಿಟಕಿಯತ್ತ ಕೈ ತೋರಿಸುತ್ತಿದ್ದರು.

ಹೀಗೆ ಹನ್ನೊಂದು ಬೇಸಿಗೆ.

ಅಷ್ಟರಲ್ಲಿ ಅವಳ ಗಂಡ ತೀರಿಕೊಂಡ. ದೊಡ್ಡ ಸಾಹೇಬರು ನಿವೃತ್ತರಾದರು. ಹೋಗುವ ದಿನ, "ಹಳದಿ ಬಣ್ಣವೇ ಗಟ್ಟಿತನ ಅಂತ ಕಾಣುತ್ತಮ್ಮ, ಎರಡೂ ಬೇರೆ ಅಲ್ಲವೇ ಅಲ್ಲ, ಬಿಡಿಸೋಕೆ ಆಗಲ್ಲ," ಎಂದು ಹೇಳಿ ಎರಡೂ ಪೆನ್ನು ಅವಳ ಮೇಜಿನ ಮೇಲಿಟ್ಟು ಹೋದರು. ಅವಳು ಪ್ರತಿ ಬೇಸಿಗೆಯಲ್ಲೂ ಚಂದ್ರಿಕೆಗಳ ಮುಂದೆ ನಿಂತು ಹಳದಿಯ ನಡುವೆ ಬಿಳಿ ಹುಡುಕುತ್ತಿದ್ದಳು. ಒಮ್ಮೆ ಸುಣ್ಣದ ಗೋಡೆಯ ಚಕ್ಕೆ ಬಿದ್ದದ್ದನ್ನು ಗೂಡೆಂದು ತಿಳಿದು ಕೈ ಹಾಕಿದ್ದಳು. ನಾದಿನಿ ಅದನ್ನು ಒಂದು ವರ್ಷ ಆಡಿಕೊಂಡಳು.

ಹನ್ನೆರಡನೆಯ ಬೇಸಿಗೆಗೆ ಮೇಡಂ ಬಂದರು. ಕೇಂದ್ರವನ್ನು ನಡೆಸಲಿಕ್ಕಲ್ಲ, ಮುಚ್ಚಲಿಕ್ಕೆ. ಐವತ್ತರ ಹತ್ತಿರದ ಹೆಂಗಸು, ಮೊಣಕಾಲು ನೋವು, ಕೈಯಲ್ಲಿ ಸದಾ ಒಂದು ನೀರಿನ ಬಾಟಲಿ. ಎರಡು ತಿಂಗಳೊಳಗೆ ಪಟ್ಟಿ ಮಾಡಿ ಒಪ್ಪಿಸಿ ಬರಬೇಕೆಂದು ಆದೇಶ. ಕುರ್ಚಿ ಎಷ್ಟು, ತಟ್ಟೆ ಎಷ್ಟು, ಚಂದ್ರಿಕೆ ಎಷ್ಟು ಎಂದು ಬರೆಸಿಕೊಳ್ಳುತ್ತಾ ಒಂದು ಮಧ್ಯಾಹ್ನ ಅವರು ಹಳೆಯ ಪುಸ್ತಕಗಳ ಕಪಾಟಿಗೆ ಬಂದರು. ಸುಮ್ಮನೆ ಕೂತು ಓದತೊಡಗಿದರು. ಚುಕ್ಕಿಯಮ್ಮ ಆ ದಿನ ಮಿಶ್ರದ ಕೋಶಗಳನ್ನು ಬೇರ್ಪಡಿಸುತ್ತಿದ್ದಳು; ಮುಚ್ಚುವ ಕೇಂದ್ರವಾದರೂ ಹುಳುವಿಗೆ ಆದೇಶ ತಿಳಿಯುವುದಿಲ್ಲ, ಗೂಡು ಕಟ್ಟಿದ ಮೇಲೆ ಕೆಲಸ ನಿಲ್ಲುವುದಿಲ್ಲ.

ಮೇಡಂ ಪುಸ್ತಕ ಹಿಡಿದು ಅವಳ ಮೇಜಿನ ಬಳಿ ಬಂದರು.

"ಇದೇನಮ್ಮ, ಈ ಹತ್ತೊಂಬತ್ತು? ಕೆಂಪು ಶಾಯಿಲಿ ಹೊಡೆದುಹಾಕಿದ್ದಾರೆ."

ಚುಕ್ಕಿಯಮ್ಮನ ಕೈಯ ಬ್ಲೇಡು ನಿಂತಿತು. ಹನ್ನೆರಡು ವರ್ಷದ ಹಳೆಯ ನಾಚಿಕೆ ಕೆನ್ನೆಗೇರಿತು. "ಅದು ನನ್ನ ಕೈ ತಪ್ಪು ಮೇಡಂ. ಕಲಬೆರಕೆ. ಆಮೇಲೆ ಯಾವತ್ತೂ ಆಗಿಲ್ಲ, ಬೇಕಾದ್ರೆ ನೋಡಿ."

"ನೋಡಿದೆ. ಆಮೇಲೆ ಸೊನ್ನೆ, ಸೊನ್ನೆ, ಸೊನ್ನೆ. ಆ ವರ್ಷ ಮಿಶ್ರ ಇದ್ದಿದ್ದು ತಂದೆ ಕಡೇನಾ?"

"ಹೌದು ಮೇಡಂ."

"ಆಮೇಲೆ?"

"ತಾಯಿ. ಎಲ್ಲಾ ವರ್ಷನೂ ತಾಯಿ."

ಮೇಡಂ ಪಕ್ಕದ ಸ್ಟೂಲಿನ ಮೇಲೆ ನಿಧಾನವಾಗಿ ಕೂತರು. ಕಿಟಕಿಯ ಹಸಿರು ಬಟ್ಟೆಯಂಚಿನಿಂದ ಎರಡು ದಾರ ಎಳೆದು, ಒಂದರ ಮೇಲೆ ಎರಡು ಗಂಟು ಹಾಕಿ ಮೇಜಿನ ಮೇಲೆ ಮಲಗಿಸಿದರು.

"ಗುಣಗಳು ಬಿಡಿ ನಾಣ್ಯದ ಥರ ಇರಲ್ಲಮ್ಮ, ದಾರದ ಮೇಲಿನ ಗಂಟಿನ ಥರ ಇರ್ತವೆ. ಬೇರೆ ಬೇರೆ ದಾರದ ಮೇಲಿದ್ರೆ ಸಾಹೇಬ್ರು ಹೇಳಿದ ಲೆಕ್ಕ ಸರಿ, ನಾಲ್ಕು ಬಗೆ, ಸಮಸಮ. ಆದ್ರೆ ಹಳದಿನೂ ಗಟ್ಟಿತನಾನೂ ಒಂದೇ ದಾರದ ಮೇಲೆ ಹತ್ತಿರ ಹತ್ತಿರ ಇದ್ರೆ? ಮಗುವಿಗೆ ದಾರ ಕೊಟ್ರೆ ಎರಡೂ ಗಂಟು ಒಟ್ಟಿಗೇ ಹೋಗ್ತವೆ. ಯಾವಾಗಲೋ ಒಂದೊಂದು ಸಲ ಈ ದಾರನೂ ಪಕ್ಕದ ದಾರನೂ ನಡುವೆ ತುಂಡಾಗಿ, ತುದಿ ಅದಲುಬದಲಾಗಿ ಕೂಡ್ಕೊಳ್ತವೆ. ಆಗ ಗಂಟು ಬೇರೆ ಆಗುತ್ತೆ. ನೂರಕ್ಕೆ ಒಂಬತ್ತೋ ಹತ್ತೋ. ಇನ್ನೂರ ಹನ್ನೊಂದಕ್ಕೆ ಹತ್ತೊಂಬತ್ತು."

ಚುಕ್ಕಿಯಮ್ಮ ದಾರಗಳನ್ನೇ ನೋಡುತ್ತಿದ್ದಳು. "ಹಾಗಾದ್ರೆ ಆಮೇಲೆ ಯಾಕೆ ಒಂದೂ ಬರಲಿಲ್ಲ?"

ಮೇಡಂ ಒಂದು ಗುಟುಕು ನೀರು ಕುಡಿದರು. "ರೇಷ್ಮೆ ಹುಳುವಿನಲ್ಲಿ ಆ ತುಂಡಾಗೋದು, ಕೂಡ್ಕೊಳ್ಳೋದು ಗಂಡಿನ ಮೈಯಲ್ಲಿ ಮಾತ್ರ. ಹೆಣ್ಣಿನ ಮೈಯಲ್ಲಿ ದಾರ ತುಂಡಾಗಲ್ಲ. ತಾಯಿ ತನಗೆ ಬಂದ ದಾರನ ಬಂದ ಹಾಗೇ ಮಕ್ಕಳಿಗೆ ಕೊಡ್ತಾಳೆ. ಹನ್ನೊಂದು ವರ್ಷ ಅಲ್ಲ, ನೂರು ವರ್ಷ ಮಾಡಿದ್ರೂ ಹೆಣ್ಣಿಂದ ಆ ಬಿಳಿ ಬರ್ತಿರ್ಲಿಲ್ಲ."

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎಡಗಡೆಯ ಬುಟ್ಟಿಯಲ್ಲಿ ಕೋಶಗಳು ಬಾಲವಾಡಿಸುವ ಸಣ್ಣ ಸರಸರ ಸದ್ದು ಕೇಳುತ್ತಿತ್ತು. ತಂದೆಯ ಬದಲು ತಾಯಿಯನ್ನಿಡೋಣ ಎಂದವರು ಯಾರೆಂದು ಮೇಡಂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಬುಟ್ಟಿಯ ಮೇಲೆ ಅಂಗೈ ಇಟ್ಟು ಇಷ್ಟೇ ಅಂದಳು:

"ಇವತ್ತಿನ ಗಂಡು ಇನ್ನೂ ಇವೆ ಮೇಡಂ. ಕೋಳಿಯವನು ಸಂಜೆ ಬರ್ತಾನೆ."

ಸಂಜೆ ಕೋಳಿಯವನು ಬರಿಗೈಯಲ್ಲಿ ಹೋದ.

ಮನೆಗೆ ಬಂದು ನಾದಿನಿಗೆ ಎಲ್ಲ ಹೇಳಿದಾಗ ಅವಳು ಸೊಪ್ಪಿನ ಕಲೆ ಹತ್ತಿದ ಬೆರಳು ತೊಳೆಯುತ್ತಿದ್ದಳು. "ಅಲ್ಲ ಅತ್ತಿಗೆ, ಇದನ್ನೇ ನಾನು ಅಣ್ಣನ ಹಾಸಿಗೆ ಪಕ್ಕ ಕೂತು ಹೇಳಿದ್ದಲ್ವಾ? ಮೂಗೂ ಎದೆನೂ ಒಂದೇ ಕಟ್ಟು ಅಂತ. ನನ್ನನ್ನ ಸಾಹೇಬ್ರ ಕುರ್ಚಿ ಮೇಲೆ ಕೂರಿಸಿದ್ರೆ ಯಾವತ್ತೋ ಮುಗೀತಿತ್ತು ನಿಮ್ಮ ಕೆಲಸ." ನಕ್ಕಳು. ಅತ್ತಿಗೆ ನಗದ್ದನ್ನು ನೋಡಿ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. "ಯಾಕೆ? ಈಗ ಗೊತ್ತಾಯ್ತಲ್ಲ, ಮಾಡಿದ್ರಾಯ್ತು."

"ಹತ್ತೊಂಬತ್ತನ್ನೂ ನಾನೇ ಹಬೆಗೆ ಹಾಕಿದ್ದು ಕಣೇ."

ನಾದಿನಿ ಎದ್ದು ಒಲೆಗೆ ಚಹಾದ ನೀರಿಟ್ಟಳು.

ಉಳಿದಿದ್ದ ದಿನ ಐವತ್ತೆರಡು. ಗಂಡು ಚಿಟ್ಟೆಗಳು ಬರಲು, ಕೇಂದ್ರದಲ್ಲಿ ಉಳಿದಿದ್ದ ಕೊನೆಯ ಬಿಳಿ ಹೆಣ್ಣುಗಳಿಗೆ ಜೋಡಿಯಾಗಲು, ಮೊಟ್ಟೆ ಒಡೆಯಲು, ಹುಳು ಬೆಳೆದು ಗೂಡು ಕಟ್ಟಲು ನಲವತ್ತಾದರೂ ಬೇಕು. ಮೇಡಂ ಪಟ್ಟಿ ಮಾಡುವುದನ್ನು ನಿಧಾನ ಮಾಡಿದರು. ಆದರೆ ತೋಟವನ್ನು ಆಗಲೇ ಯಾರಿಗೋ ಒಪ್ಪಿಸಿಯಾಗಿತ್ತು. ಬೇಲಿಯಂಚಿನ ಎರಡು ಸಾಲು ಗಿಡದ ಸೊಪ್ಪಷ್ಟೇ ಇವರಿಗೆ. ಅಷ್ಟು ಸೊಪ್ಪಿಗೆ ಒಂದೇ ತಟ್ಟೆ ಹುಳು, ಇನ್ನೂರು. ಕೊನೆಯ ವಾರ ಹುಳುಗಳು ಮಳೆ ಬಿದ್ದಂಥ ಸದ್ದು ಮಾಡುತ್ತಾ ತಿನ್ನುವ ಹೊತ್ತಿಗೆ ಆ ಎರಡು ಸಾಲೂ ಬೋಳಾದವು. ನಾದಿನಿ ಕಂಡವರ ಹಿತ್ತಿಲು, ರಸ್ತೆಬದಿ, ಶಾಲೆಯ ಕಾಂಪೌಂಡು ಅಲೆದು ಚೀಲದಲ್ಲಿ ಸೊಪ್ಪು ತಂದಳು. "ಈ ವಯಸ್ಸಲ್ಲಿ ಸೊಪ್ಪು ಕಳ್ಳಿ ಅನ್ನಿಸ್ಕೊಂಡೆ," ಎಂದು ಬೈದುಕೊಂಡಳು, ಮಾರನೆಯ ದಿನ ಮತ್ತೆ ಹೋದಳು. ಒಲೆಯ ಮುಂದೆ ಚುಕ್ಕಿಯಮ್ಮನೇ ಕೂತಳು, ಗಂಡ ಕೂರುತ್ತಿದ್ದ ಇಟ್ಟಿಗೆಯ ಮೇಲೆ.

ನಾಲ್ಕನೆಯ ಜ್ವರದಲ್ಲಿ ಸಾವು ಶುರುವಾಯಿತು. ನೂರು, ನೂರಿಪ್ಪತ್ತು. ಅವಳು ಸತ್ತವನ್ನು ಆರಿಸಿ ತೆಗೆಯುವಾಗ ತಾಯಿಯ ಮನೆಯ ಬುಟ್ಟಿ ನೆನಪಾಗುತ್ತಿತ್ತು. ಕೊನೆಗೆ ನಲವತ್ತನಾಲ್ಕು ಹುಳು ಚಂದ್ರಿಕೆ ಹತ್ತಿದವು.

ಮೂರನೆಯ ಬೆಳಗ್ಗೆ ನೂಲು ಗಟ್ಟಿಯಾಗಿ ಬಣ್ಣ ಕಾಣಿಸಿತು. ಚಂದ್ರಿಕೆಯ ಹೊರಸುತ್ತಿನಿಂದ ಅವಳ ಕಣ್ಣು ಒಳಕ್ಕೆ ನಡೆಯಿತು. ಹಳದಿ, ಹಳದಿ, ಹಳದಿ. ಎರಡನೆಯ ಸುತ್ತಿನಲ್ಲಿ ಒಂದು ಬಿಳಿ. ಅವಳು ಗೋಡೆ ನೋಡಿದಳು, ಸುಣ್ಣ ಉದುರಿಲ್ಲ. ಬೆರಳಿಂದ ಮುಟ್ಟಿದಳು. ಗೂಡೇ. ನಡುವಿನಲ್ಲಿ ಇನ್ನೊಂದು. ತೀರ ಒಳಗೆ ಮೂರನೆಯದು. ಈ ಸಲ ಈ ಕಟ್ಟಡದಲ್ಲಿ ಬೇರೆ ಬಿಳಿ ಹುಳುವೇ ಇರಲಿಲ್ಲ. ಕಲೆಸಲು ಏನೂ ಇರಲಿಲ್ಲ.

ನಲವತ್ತನಾಲ್ಕಕ್ಕೆ ಮೂರು. ಅವಳು ಓಡಲಿಲ್ಲ. ಓಡಿಹೋಗಿ ಹೇಳಲು ಮೇಡಂ ಅಲ್ಲಿರಲಿಲ್ಲ. ಪಟ್ಟಿ ತಡವಾಯಿತೆಂದು ಮುಖ್ಯ ಕಚೇರಿಯವರು ಹಿಂದಿನ ದಿನವೇ ಅವರನ್ನು ಕರೆಸಿಕೊಂಡಿದ್ದರು.

ಮತ್ತೆರಡು ದಿನಕ್ಕೆ ಲಾರಿ ಬಂತು. ಇನ್ನೂ ಎಂಟು ದಿನ ಇದೆಯಲ್ಲ ಎಂದರೆ ಲಾರಿಯವನು ಕಾಗದ ತೋರಿಸಿದ. ಫ್ರಿಜ್ಜು, ಸೂಕ್ಷ್ಮದರ್ಶಕ, ತಟ್ಟೆ, ಮೇಜು. ಅವಳ ಮೊಣಕೈಯ ಗುಳಿಯಿದ್ದ ಮೇಜನ್ನು ಇಬ್ಬರು ತಲೆಕೆಳಗಾಗಿ ಹೊತ್ತು ಹೋದರು. ಪಟ್ಟಿಯ ಕೊನೆಯ ಸಾಲು: ಗೂಡು, ಒಂದು ಚಂದ್ರಿಕೆ.

"ಅದೊಂದು ಬಿಟ್ಟುಬಿಡಿ ಅಣ್ಣ. ಅದು ಬಿತ್ತನೆ ಗೂಡು, ನೂಲಿಗಲ್ಲ."

"ಎಲ್ಲಾನೂ ಇವತ್ತೇ ಹಬೆಗೆ ಹಾಕಿಸಿ ನೂಲಿಗೆ ಕೊಡಬೇಕಮ್ಮ. ಬರೆದಿದೆ ನೋಡಿ." ಅವನು ಕೆಟ್ಟವನಲ್ಲ. ಅವಳ ಮುಖ ನೋಡಿದ. ಬೀಡಿ ತೆಗೆದ. "ನಾನು ಹೊರಗಡೆ ಹೋಗಿ ಇದೊಂದು ಸೇದಿ ಬರ್ತೀನಿ. ಎಷ್ಟು ಗೂಡು ಅಂತ ಪಟ್ಟಿಲಿ ಇಲ್ಲ. ಬೇಕಾದ್ದು ತಗೊಳ್ಳಿ."

ಅವಳು ಚಂದ್ರಿಕೆಯ ಮುಂದೆ ನಿಂತಳು. ಬೆರಳುಗಳು ತಾವಾಗಿಯೇ ಹೋದವು, ಇಪ್ಪತ್ತೆಂಟು ವರ್ಷ ಹೋದ ಹಾಗೆ. ಬಿಳಿ ಬೇರೆ, ಹಳದಿ ಬೇರೆ. ಮೂರು ಬಿಳಿ ಗೂಡನ್ನು ಎಳೆಬಿಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳು.

ಲಾರಿಯವನು ಮರಳಿ ಬಂದು ನೋಡಿದ. "ಅಷ್ಟೇನಾ?"

"ಅಷ್ಟೇ ಸಾಕು," ಎಂದಳು. ಎಷ್ಟೋ ವರ್ಷಗಳ ಮೇಲೆ ಅವಳ ಮುಖದಲ್ಲಿ ನಗುವಿತ್ತು.

ಸೈಕಲ್ ರಿಪೇರಿ ಅಂಗಡಿಯ ಮೇಲೆ ನಾದಿನಿ ಬಾಡಿಗೆಗೆ ಹಿಡಿದ ಒಂದು ಕೋಣೆಯಿತ್ತು. ಮಾರನೆಯ ಬೆಳಗ್ಗೆ, ಸಾಮಾನಿನ ಗಂಟುಗಳನ್ನಿನ್ನೂ ಬಿಚ್ಚದೆ, ಚುಕ್ಕಿಯಮ್ಮ ಕಿಟಕಿಯ ಬಳಿ ಕೂತು ಬ್ಲೇಡು ತೆಗೆದಳು. ಮೊದಲ ಗೂಡಿನ ತುದಿ ಕತ್ತರಿಸಿ ಕೋಶವನ್ನು ಅಂಗೈಗೆ ಜಾರಿಸಿದಳು. ಚುಕ್ಕಿ. ಎರಡನೆಯದು. ಚುಕ್ಕಿ. ಮೂರನೆಯದನ್ನು ಹೆಬ್ಬೆರಳಲ್ಲಿ ಉರುಳಿಸಿದಳು, ಮತ್ತೆ ಉರುಳಿಸಿದಳು. ಕಿಟಕಿಗೆ ಹಿಡಿದಳು. ಜೀವಮಾನದಲ್ಲಿ ಮೊದಲ ಸಲ ಮೂರು ಸಲ ತಿರುಗಿಸಿ ನೋಡಿದಳು.

"ಏನಾಯ್ತು ಅತ್ತಿಗೆ?"

"ಮೂರೂ ಗಂಡು."

ನಾದಿನಿಯ ಫೋನಿನಿಂದ ಮೇಡಂಗೆ ಮಾತಾಡಿದಳು. ನಲವತ್ತನಾಲ್ಕಕ್ಕೆ ಮೂರು ಬಿಳಿ ಬಂದವು, ಆದರೆ ಮೂರೂ ಗಂಡು ಎಂದಳು. ಮೇಡಂ ದನಿ ಹುಡುಗಿಯ ದನಿಯಂತಾಯಿತು.

"ಮೂರೂ ಗಂಡಾದ್ರೆ ಏನಂತೆ? ಅದೇ ತಟ್ಟೆಯ ಹಳದಿ ನಲವತ್ತೊಂದು ಇವೆಯಲ್ಲ, ಅವುಗಳಲ್ಲಿ ಹೆಣ್ಣು ಇದ್ದೇ ಇರ್ತವೆ. ಅವಕ್ಕೆ ಜೋಡಿ ಮಾಡಿ. ಅವುಗಳ ಒಳಗೂ ಬಿಳಿ ಅಡಗಿದೆ. ಮರಿಗಳಲ್ಲಿ ಬಿಳಿ ಸಿಕ್ಕೇ ಸಿಗುತ್ತೆ. ನಾಲ್ಕೈದು ಹೆಣ್ಣಿದ್ರೂ ಸಾಕು."

ಚುಕ್ಕಿಯಮ್ಮ ಕಿಟಕಿಯ ಸರಳು ಹಿಡಿದುಕೊಂಡಳು.

"ಹಲೋ? ಅಮ್ಮಾ?"

"ಹಳದಿ ತರಲಿಲ್ಲ ಮೇಡಂ. ಬಿಳಿ ಮಾತ್ರ ಆರಿಸ್ಕೊಂಡೆ. ತಗೊಳ್ಳಿ ಅಂದಿದ್ದ ಅವನು. ನಾನೇ ಸಾಕು ಅಂದೆ."

ನೂಲಿನ ಕಾರ್ಖಾನೆಗೆ ಮೇಡಂ ಆ ಗಳಿಗೆಯೇ ಫೋನು ಮಾಡಿದರು. ಗೂಡು ಹಿಂದಿನ ಸಂಜೆಯೇ ಹಬೆಗೆ ಹೋಗಿತ್ತು. ದೊಡ್ಡ ಕೇಂದ್ರಕ್ಕೆ ಪತ್ರ ಬರೆದು ಬಿಳಿ ಹೆಣ್ಣು ಕೇಳಿದರು. ತಳಿಯನ್ನು ನಡೆಯುತ್ತಿರುವ ಕೇಂದ್ರಗಳಿಗಷ್ಟೇ ಕೊಡಲಾಗುತ್ತದೆ, ನಿಮ್ಮ ಕೇಂದ್ರ ಈಗ ಪಟ್ಟಿಯಲ್ಲಿಲ್ಲ ಎಂದು ಆರನೆಯ ದಿನ ಉತ್ತರ ಬಂತು. ಬೇಸಿಗೆಯಾದ್ದರಿಂದ ಸುತ್ತಮುತ್ತ ಯಾವ ಮನೆಯಲ್ಲೂ ಬಿಳಿ ಹುಳು ಉಳಿದಿರಲಿಲ್ಲ. ನಾದಿನಿ ಸೊಪ್ಪು ಕದ್ದ ಹಿತ್ತಿಲುಗಳಿಗೆಲ್ಲ ಮತ್ತೆ ಹೋಗಿ ಕೇಳಿ ಬರಿಗೈಯಲ್ಲಿ ಬಂದಳು.

ಹತ್ತನೆಯ ಬೆಳಗ್ಗೆ ಮೂರು ಚಿಟ್ಟೆಗಳೂ ಹೊರಬಂದವು. ಚಪ್ಪಲಿಯ ಹಳೆಯ ರಟ್ಟಿನ ಡಬ್ಬಿಯಲ್ಲಿ ಕಾಗದ ಹಾಸಿ ಬಿಟ್ಟಿದ್ದಳು. ಹಾಲಿನ ಕೆನೆಯ ಬಣ್ಣ, ಬಾಚಣಿಗೆಯಂಥ ಮೀಸೆ. ರೇಷ್ಮೆ ಚಿಟ್ಟೆಗೆ ತಿನ್ನಲು ಬಾಯಿಲ್ಲ, ಹಾರಲು ಬಲವಿಲ್ಲ; ಅದು ಬರುವುದೇ ಹೆಣ್ಣನ್ನು ಹುಡುಕಲು. ಹತ್ತಿರದಲ್ಲಿ ಹೆಣ್ಣಿನ ವಾಸನೆ ಸಿಕ್ಕರೆ ರೆಕ್ಕೆ ಬಡಿಯುತ್ತಾ ಸುತ್ತು ಹಾಕುತ್ತದೆ. ಇವು ಮೊದಲ ದಿನ ಸುಮ್ಮನಿದ್ದವು. ಎರಡನೆಯ ದಿನ ಮಧ್ಯಾಹ್ನ ಅವಳು ಡಬ್ಬಿಯ ಮೇಲೆ ಬಗ್ಗಿದಾಗ ಮೂರೂ ಒಮ್ಮೆಲೇ ರೆಕ್ಕೆ ಬಡಿಯತೊಡಗಿದವು, ಗಿರಗಿರನೆ ತಿರುಗತೊಡಗಿದವು. ಅವಳ ಬೆರಳಲ್ಲೋ ಸೆರಗಲ್ಲೋ, ಇಪ್ಪತ್ತೆಂಟು ವರ್ಷ ಜೋಡಿಕೋಣೆಯ ಪಕ್ಕ ಕಳೆದ ಹಳೆಯ ವಾಸನೆ ಇನ್ನೂ ಉಳಿದಿತ್ತೇನೋ. ಅವಳು ಕೈ ಹಿಂದೆಗೆದುಕೊಂಡಳು.

"ಗಂಡು ದಿಕ್ಕಿಲ್ಲದ ಮನೆ ಅಂತ ಕೋಣೆ ಬಾಡಿಗೆಗೆ ಕೊಟ್ಟವನು ಹೇಳಿದ್ದ," ಎಂದಳು ನಾದಿನಿ ಹಿಂದಿನಿಂದ. "ಈಗ ಒಟ್ಟಿಗೇ ಮೂರು ಜನ."

ಇಬ್ಬರೂ ನಗಲು ನೋಡಿದರು.

ನಾಲ್ಕನೆಯ ದಿನ ಒಂದು ಸತ್ತಿತು. ಐದನೆಯ ದಿನ ಇನ್ನೊಂದು. ಚುಕ್ಕಿಯಮ್ಮ ಕೆಳಗಿನ ಅಂಗಡಿಯ ಎದುರು ಸಾಲಾಗಿ ನಿಂತ ಸೈಕಲ್ಲುಗಳನ್ನು ನೋಡುತ್ತಾ ಕಿಟಕಿಯಲ್ಲಿ ಕೂತಿರುತ್ತಿದ್ದಳು. ಅವಳ ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿಯೇ ಉರುಳುತ್ತಿತ್ತು, ಅಲ್ಲಿ ಏನೂ ಇಲ್ಲದಿದ್ದರೂ.

ಏಳನೆಯ ದಿನ ನಾದಿನಿ ಕಸ ಗುಡಿಸುತ್ತಾ ಡಬ್ಬಿಯ ಬಳಿ ನಿಂತಳು. ರೆಕ್ಕೆಯ ಹುಡಿ ಉದುರಿ ಕಾಗದವೆಲ್ಲ ಮಾಸಿತ್ತು.

"ಇದನ್ನ ಎಸೆದು ಬರ್ಲಾ ಅತ್ತಿಗೆ?"

ಚುಕ್ಕಿಯಮ್ಮ ಎದ್ದು ಬಂದು ಬಗ್ಗಿ ನೋಡಿದಳು. ಮೂಲೆಯಲ್ಲಿದ್ದ ಕೊನೆಯದು ಒಂದು ರೆಕ್ಕೆಯನ್ನು ಮೆಲ್ಲಗೆ ಎತ್ತಿತು.

"ತಡಿ," ಎಂದಳು. "ಇದೊಂದು ಇನ್ನೂ ಹುಡುಕ್ತಾ ಇದೆ."